ನಿಮ್ಮ ದಿನವನ್ನು ನೀವೇ ಓದುವುದು ಹೇಗೆ: ಕೆಲಸ, ಮನೆ, ಆರೋಗ್ಯ ಮೂರಕ್ಕೂ ಒಂದೇ ನೋಟ್‌ಬುಕ್

ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಇಲ್ಲವೇ ಮನೆ ಹಳೇ ಹುಬ್ಬಳ್ಳಿಯಲ್ಲಿ, ಶಿಫ್ಟ್ ತಾರಿಹಾಳದಲ್ಲಿ. ಬೆಟಗೇರಿಯಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲದವರು. ಇವರಲ್ಲಿ ಯಾರನ್ನಾದರೂ "ಹೆಂಗದೀರಿ?" ಅಂತ ಕೇಳಿ. "ಆರಾಮ ಅದೀನ್ರಿ" ಅನ್ನುತ್ತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದರೆ ಬೇರೆ ಸಂಗತಿ ಹೊರಗೆ ಬರುತ್ತದೆ. ನಿದ್ದೆ ಬರುವುದಿಲ್ಲ. ಕುತ್ತಿಗೆ ಹಿಡಿದಿದೆ. ಮಕ್ಕಳ ಮೇಲೆ ಸುಮ್ನೆ ಸಿಟ್ಟು ಬರುತ್ತದೆ. ಯಾಕೆ ಅಂದರೆ "ಏನೋ ಟೆನ್ಷನ್".

ಆ "ಏನೋ" ಏನು ಅಂತ ಗುರುತಿಸುವ ಒಂದು ವಿಧಾನವನ್ನು ಇಲ್ಲಿ ಹೇಳುತ್ತೇನೆ. ಇದಕ್ಕೆ ದುಡ್ಡು ಬೇಕಿಲ್ಲ. ಎರಡು ವಾರ ದಿನಕ್ಕೆ ಕಾಲು ಗಂಟೆ ಸಾಕು. ನಿಮಗೆ ಹೇಗೆ ಅನ್ನಿಸಿತು ಎಂಬುದು ಬರೀ ಮನಸ್ಸಿನ ಆಟ ಅಲ್ಲ, ಅದೊಂದು ಮಾಹಿತಿ. ಹಾಗೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಆಯಾ ದಿನವೇ, ಆಯಾ ಹೊತ್ತಿನ ಲೆಕ್ಕದಲ್ಲಿ ಬರೆದಿಟ್ಟರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ನೆನಪೊಂದನ್ನೇ ಯಾಕೆ ನಂಬಬಾರದು

ಬರೆಯುವ ರಗಳೆ ಯಾಕೆ, ನೆನಪಿರುತ್ತದಲ್ಲ ಅಂತ ಕೇಳಬಹುದು. ನೆನಪು ಇರುತ್ತದೆ, ಆದರೆ ಪೂರ್ತಿ ದಿನದ್ದಲ್ಲ. 1996ರಲ್ಲಿ ಡೊನಾಲ್ಡ್ ರೆಡೆಲ್‌ಮೈಯರ್ ಎಂಬ ವೈದ್ಯರೂ ಡೇನಿಯಲ್ ಕಾನ್‌ಮನ್ ಎಂಬ ಮನಶ್ಶಾಸ್ತ್ರಜ್ಞರೂ ಸೇರಿ ಕರುಳಿನ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದ ರೋಗಿಗಳನ್ನು ಅಧ್ಯಯನ ಮಾಡಿದರು. ಪರೀಕ್ಷೆ ನಡೆಯುವಾಗ ನಿಮಿಷಕ್ಕೊಮ್ಮೆ ನೋವು ಎಷ್ಟಿದೆ ಅಂತ ಕೇಳಿ ಬರೆದುಕೊಂಡರು. ಎಲ್ಲ ಮುಗಿದ ಮೇಲೆ ಒಟ್ಟಾರೆ ಎಷ್ಟು ನೋವಾಯಿತು ಅಂತಲೂ ಕೇಳಿದರು. ರೋಗಿಗಳ ಒಟ್ಟು ಅಂದಾಜು ಎರಡೇ ಸಂಗತಿಗಳ ಮೇಲೆ ನಿಂತಿತ್ತು. ಅತಿ ಹೆಚ್ಚು ನೋವಾದ ಕ್ಷಣ ಒಂದು, ಕೊನೆಯ ಕೆಲವು ನಿಮಿಷ ಇನ್ನೊಂದು. ನೋವು ಎಷ್ಟು ಹೊತ್ತು ಇತ್ತು ಎಂಬುದು ಹೆಚ್ಚುಕಡಿಮೆ ಲೆಕ್ಕಕ್ಕೇ ಬಂದಿರಲಿಲ್ಲ.

ನಮ್ಮ ದಿನಗಳನ್ನೂ ನಾವು ಹೀಗೇ ಅಳೆಯುತ್ತೇವೆ. ಮಧ್ಯಾಹ್ನ ಸಾಹೇಬರು ಬೈದದ್ದು, ರಾತ್ರಿ ಊಟದ ಹೊತ್ತಿಗೆ ಆದ ಜಗಳ, ಇವೆರಡೇ ಉಳಿಯುತ್ತವೆ. ನಡುವೆ ನಾಲ್ಕು ತಾಸು ಚೆನ್ನಾಗಿ ಕೆಲಸ ಮಾಡಿದ್ದು ಮರೆತುಹೋಗುತ್ತದೆ. ಬೆಳಿಗ್ಗೆಯಿಂದ ಸಣ್ಣಗೆ ಕೊರೆಯುತ್ತಿದ್ದ ಅವಸರವೂ ಮರೆತುಹೋಗುತ್ತದೆ. ನಿಮ್ಮನ್ನು ನಿಜವಾಗಿ ಸುಸ್ತು ಮಾಡಿದ್ದು ಆ ಅವಸರವೇ ಇರಬಹುದು.

2004ರಲ್ಲಿ ಕಾನ್‌ಮನ್ ಮತ್ತು ಜೊತೆಗಾರರು ಇದಕ್ಕೊಂದು ಉಪಾಯ ಪ್ರಕಟಿಸಿದರು. ನಿನ್ನೆಯ ದಿನವನ್ನು ತುಂಡು ತುಂಡು ಮಾಡಿ ಬರೆಯುವುದು, ಪ್ರತಿ ತುಂಡಿನಲ್ಲೂ ಏನು ಅನ್ನಿಸಿತು ಅಂತ ಅಂಕ ಕೊಡುವುದು. ಅಮೆರಿಕದ ಟೆಕ್ಸಾಸ್‌ನ 909 ದುಡಿಯುವ ಹೆಂಗಸರು ಹೀಗೆ ಬರೆದುಕೊಟ್ಟರು. ಅವರ ದಿನದ ಖುಷಿಯನ್ನು ಸಂಬಳಕ್ಕಿಂತ ಹಿಂದಿನ ರಾತ್ರಿಯ ನಿದ್ದೆ ಮತ್ತು ಕೆಲಸದ ಅವಸರ ಜಾಸ್ತಿ ಅಲುಗಾಡಿಸಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣ ದಿನದ ಅತಿ ಬೇಸರದ ಹೊತ್ತುಗಳಲ್ಲಿ ಒಂದಾಗಿತ್ತು. ಹುಬ್ಬಳ್ಳಿ ಧಾರವಾಡದ ನಡುವಿನ 20 ಚಿಲ್ಲರೆ ಕಿಲೋಮೀಟರ್ ದಿನಾ ಎರಡು ಸಲ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಹೇಳುವುದು ಅದೇ ವಿಧಾನ. ನಮ್ಮ ಕಡೆಯ ಬದುಕಿಗೆ ತಕ್ಕಂತೆ ಸ್ವಲ್ಪ ಬದಲಾಯಿಸಿದ್ದೇನೆ.

ಹೆಜ್ಜೆ 1: ನೋಟ್‌ಬುಕ್, ಹೊತ್ತು, ಜಾಗ

ಮಕ್ಕಳ ಶಾಲೆಯ ಹಳೆ ನೋಟ್‌ಬುಕ್‌ನಲ್ಲಿ ಖಾಲಿ ಪುಟ ಉಳಿದಿದ್ದರೆ ಅದೇ ಸಾಕು. ಮೊಬೈಲ್‌ನಲ್ಲಿ ಬರೆದರೂ ತಪ್ಪಿಲ್ಲ. ಆದರೆ ಫೋನ್ ಕೈಗೆ ಬಂದರೆ ವಾಟ್ಸ್ಆ್ಯಪ್ ತೆರೆಯುತ್ತದೆ, ಕಾಲು ಗಂಟೆ ಅಲ್ಲೇ ಹೋಗುತ್ತದೆ. ಕಾಗದವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬರೆಯುವ ಹೊತ್ತು ಒಂದೇ ಇರಲಿ. ರಾತ್ರಿ ಮಲಗುವ ಮುಂಚೆ ಆ ದಿನದ್ದು ಬರೆಯಿರಿ, ಇಲ್ಲವೇ ಬೆಳಗಿನ ಚಹಾದ ಜೊತೆ ನಿನ್ನೆಯದು ಬರೆಯಿರಿ. ನಿದ್ದೆ ಕಷ್ಟ ಇರುವವರು ಬೆಳಿಗ್ಗೆಯನ್ನೇ ಆರಿಸಿಕೊಳ್ಳಿ. ಮಲಗುವ ಮುಂಚೆ ದಿನದ ಸಿಟ್ಟನ್ನೆಲ್ಲ ಕೆದಕಿದರೆ ಇದ್ದ ನಿದ್ದೆಯೂ ಹೋಗುತ್ತದೆ.

ಎರಡು ವಾರ ಬಿಡದೆ ಬರೆಯಿರಿ. ಭಾನುವಾರವೂ ಬೇಕು, ಸಂತೆಯ ದಿನವೂ ಬೇಕು. ಶಿಫ್ಟ್ ಕೆಲಸದವರಿಗೆ ಎರಡು ವಾರ ಸಾಲದು. ರಾತ್ರಿ ಪಾಳಿ, ಹಗಲು ಪಾಳಿ ಎಲ್ಲ ಒಂದು ಸುತ್ತು ಮುಗಿಯುವವರೆಗೆ ಬರೆಯಬೇಕು.

ಪುಸ್ತಕ ಎಲ್ಲಿಡುತ್ತೀರಿ ಎಂಬುದು ಸಣ್ಣ ಮಾತಲ್ಲ. ತುಂಬಿದ ಮನೆಯಲ್ಲಿ ಗುಟ್ಟು ಉಳಿಸಿಕೊಳ್ಳುವುದು ಕಷ್ಟ. ಹೆಸರು ಬರೆಯಬೇಡಿ, ಮೊದಲ ಅಕ್ಷರ ಸಾಕು. ಮನೆಯಲ್ಲಿ ನಿಮಗೆ ಯಾರದೋ ಹೆದರಿಕೆ ಇದ್ದರೆ, ಹೊಡೆತ ಬಡಿತ ಇದ್ದರೆ, ಪುಸ್ತಕವನ್ನು ಮನೆಯಲ್ಲಿ ಇಡಲೇಬೇಡಿ. ಅಂಥ ಹೊತ್ತಿನಲ್ಲಿ ಬರೆಯುವುದಕ್ಕಿಂತ ಮೊದಲು ಆಗಬೇಕಾದದ್ದು ಸಹಾಯ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112.

ಹೆಜ್ಜೆ 2: ದಿನವನ್ನು ತುಂಡು ಮಾಡಿ

ಎದ್ದಾಗಿನಿಂದ ಮಲಗುವವರೆಗೆ ಜಾಗ, ಕೆಲಸ ಅಥವಾ ಜೊತೆಗಿರುವ ಜನ ಬದಲಾದಾಗಲೆಲ್ಲ ಹೊಸ ಸಾಲು. ಹತ್ತರಿಂದ ಹದಿನೈದು ಸಾಲು ಆಗುತ್ತವೆ. ಅದಕ್ಕಿಂತ ಜಾಸ್ತಿ ಸೀಳಬೇಡಿ, ಮೂರನೇ ದಿನಕ್ಕೆ ಸಾಕಾಗುತ್ತದೆ. ಪ್ರತಿ ಸಾಲಿನಲ್ಲಿ ಇಷ್ಟು ಇರಲಿ: ಎಷ್ಟರಿಂದ ಎಷ್ಟು ಗಂಟೆ, ಏನು ಮಾಡುತ್ತಿದ್ದಿರಿ, ಯಾರ ಜೊತೆ, ಏನು ಅನ್ನಿಸಿತು. ಅನ್ನಿಸಿದ್ದಕ್ಕೆ 0ರಿಂದ 6ರವರೆಗೆ ಅಂಕ. 0 ಅಂದರೆ ಸ್ವಲ್ಪವೂ ಇಲ್ಲ, 6 ಅಂದರೆ ತುಂಬಾ.

ಒಂದು ದಿನ ಬರೆದು ತೋರಿಸುತ್ತೇನೆ. ಇದು ನಾನೇ ಜೋಡಿಸಿದ ಉದಾಹರಣೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿ ವಿದ್ಯಾನಗರದಲ್ಲಿ ಆಫೀಸ್ ಇರುವ ಒಬ್ಬ ಹೆಂಗಸಿನ ದಿನ ಅಂದುಕೊಳ್ಳಿ.

5:30–6:20. ನೀರು ಬಂತು, ತುಂಬಿಸಿದ್ದು. ಒಬ್ಬಳೇ. ಖುಷಿ 1, ಅವಸರ 5.
6:20–7:50. ಚಹಾ, ನಾಷ್ಟಾ, ಡಬ್ಬಿ. ಅತ್ತೆಯ ಜೊತೆ. ಖುಷಿ 3, ಅವಸರ 2.
7:50–8:30. ಸ್ನಾನ, ಮಗನನ್ನು ತಯಾರು ಮಾಡಿದ್ದು. ಖುಷಿ 2, ಅವಸರ 4.
8:30–9:25. ಚಿಗರಿ ಬಸ್, ನಿಂತುಕೊಂಡೇ. ಖುಷಿ 1, ದಣಿವು 4.
9:30–1:00. ಆಫೀಸ್, ದಿನದ ಕೆಲಸ. ಖುಷಿ 3, ಸಿಟ್ಟು 2.
1:00–1:30. ಗೆಳತಿಯರ ಜೊತೆ ಊಟ. ಖುಷಿ 5, ದಣಿವು 1.
1:30–5:30. ಟಾರ್ಗೆಟ್ ಮೀಟಿಂಗ್, ಆಮೇಲೆ ಅದರದೇ ಕೆಲಸ. ಖುಷಿ 1, ಚಿಂತೆ 4.
5:40–6:35. ವಾಪಸ್ ಬಸ್, ಸೀಟು ಸಿಕ್ಕಿತು, ಅಕ್ಕನ ಜೊತೆ ಫೋನ್. ಖುಷಿ 4, ದಣಿವು 3.
6:40–7:10. ಮನೆಗೆ ಬಂದದ್ದು. ಮಗ ಹೋಂವರ್ಕ್ ಮಾಡಿರಲಿಲ್ಲ. ಖುಷಿ 1, ಸಿಟ್ಟು 5.
7:10–9:00. ಅಡುಗೆ, ಮಗನ ಓದು. ಖುಷಿ 3, ದಣಿವು 2.
9:00–10:15. ಊಟ, ಟಿವಿ, ಎಲ್ಲರೂ. ಖುಷಿ 4, ದಣಿವು 3.

ನೀರಿನ ಸಾಲು ಯಾಕೆ ಹಾಕಿದೆ ಅಂದರೆ, ನಮ್ಮ ಅವಳಿ ನಗರದ ಎಷ್ಟೋ ಓಣಿಗಳಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಮನೆಯ ಗಡಿಯಾರವೇ ಬದಲಾಗುತ್ತದೆ. ಇಂಥದ್ದನ್ನು ಯಾರೂ "ಆರೋಗ್ಯದ ಸಂಗತಿ" ಅಂತ ಎಣಿಸುವುದಿಲ್ಲ. ಬರೆದು ನೋಡಿದರೆ ಅದು ಹಿಂದಿನ ರಾತ್ರಿಯ ನಿದ್ದೆಯನ್ನೂ ಅವತ್ತಿನ ಸಂಜೆಯನ್ನೂ ಮುಟ್ಟಿರುತ್ತದೆ. ಪುಟದ ತುದಿಯಲ್ಲಿ "ನೀರು ಬಂತು / ಇಲ್ಲ" ಅಂತ ಒಂದು ಗುರುತು ಹಾಕಿಕೊಳ್ಳಿ.

ಹೆಜ್ಜೆ 3: ಅನ್ನಿಸಿದ್ದಕ್ಕೆ ನಿಮ್ಮದೇ ಹೆಸರು

ನಾಲ್ಕೋ ಐದೋ ಭಾವನೆಗಳನ್ನು ಮೊದಲೇ ಆರಿಸಿಕೊಳ್ಳಿ. ಎರಡು ವಾರವೂ ಅವೇ ಇರಲಿ. ಮನೆಯಲ್ಲಿ ಆಡುವ ಮಾತೇ ಚೆಂದ: ಖುಷಿ, ಬ್ಯಾಸರ, ಸಿಟ್ಟು, ಅವಸರ, ಚಿಂತೆ, ದಣಿವು. "ಟೆನ್ಷನ್" ಅಂತ ಬರೆದು ಮುಗಿಸಬೇಡಿ. ಅವಸರ ಇದ್ದರೆ ಹೊತ್ತು ಹೊಂದಿಸಿಕೊಳ್ಳಬೇಕು. ಹೆದರಿಕೆ ಇದ್ದರೆ ಯಾರ ಜೊತೆಗಾದರೂ ಮಾತಾಡಬೇಕು. ಸಿಟ್ಟಿಗೆ ಮದ್ದು ಇನ್ನೊಂದು. ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಖುಷಿಯನ್ನೂ ಬರೆಯಲೇಬೇಕು. ಕಷ್ಟ ಮಾತ್ರ ಬರೆದರೆ ಅದು ದೂರಿನ ಪುಸ್ತಕವಾಗುತ್ತದೆ.

ಹೆಜ್ಜೆ 4: ಮೈಯ ಲೆಕ್ಕ

ಪ್ರತಿ ಪುಟದ ಕೆಳಗೆ ಮೂರು ಸಾಲು. ರಾತ್ರಿ ಎಷ್ಟು ತಾಸು ನಿದ್ದೆ, ನಡುವೆ ಎಷ್ಟು ಸಲ ಎಚ್ಚರ. ಎಲ್ಲಿ ನೋವು, ಯಾವಾಗ ಶುರುವಾಯಿತು. ಊಟ ಎಷ್ಟು ಗಂಟೆಗೆ, ಚಹಾ ಎಷ್ಟು ಕಪ್. ತಂಬಾಕು, ಗುಟ್ಕಾ ಇದ್ದರೆ ಅದನ್ನೂ ಬರೆಯಿರಿ, ನಾಚಿಕೆ ಬೇಡ.

ನೋವು ಶುರುವಾದ ಹೊತ್ತು ಬಹಳ ಮುಖ್ಯ. ಸೊಸೆ ಮಾತಾಡಿದ್ದಕ್ಕೆ ತಲೆನೋವು ಬಂತು ಅನ್ನುತ್ತೇವೆ. ಆದರೆ ಪುಟದಲ್ಲಿ ತಲೆನೋವು ಮಧ್ಯಾಹ್ನ 3ಕ್ಕೆ, ಮಾತು ಸಂಜೆ 7ಕ್ಕೆ ಅಂತ ಇದ್ದರೆ? ಅವತ್ತು ಮಧ್ಯಾಹ್ನದ ಊಟ 3:30ಕ್ಕೆ ಆಗಿದ್ದರೆ? ಯಾವುದು ಮೊದಲು ಅಂತ ತಿಳಿಯುವುದಕ್ಕೇ ಗಂಟೆ ಬರೆಯುವುದು.

ಬ್ಯಾಡಗಿಯ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಕಣ್ಣುರಿ, ಮೂಗುರಿ, ಕೆಮ್ಮು ದಿನದ ಭಾಗವೇ ಆಗಿಬಿಟ್ಟಿರುತ್ತದೆ. ದಿನಾ ಇರುವುದರಿಂದ ಅದನ್ನು ಕಾಯಿಲೆ ಅಂತ ಎಣಿಸುವುದೇ ಇಲ್ಲ. ಅಂಥವರ ಪುಟದಲ್ಲಿ ಕೆಲಸ ಇಲ್ಲದ ದಿನ ಕೆಮ್ಮು ಎಷ್ಟಿತ್ತು ಎಂಬ ಸಾಲು ತುಂಬಾ ಬೆಲೆಯದು. ಮಗ್ಗದವರಿಗೆ ಸೊಂಟ, ಹೊಲಿಗೆಯವರಿಗೆ ಕುತ್ತಿಗೆ, ಅಂಗಡಿಯಲ್ಲಿ ನಿಲ್ಲುವವರಿಗೆ ಕಾಲು. ರಜೆಯ ದಿನದ ಜೊತೆ ಹೋಲಿಸಿ ಬರೆಯಿರಿ.

ಬಿಪಿ ನೋಡಿಕೊಳ್ಳಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರೆ ಅದನ್ನೂ ಸೇರಿಸಿ. ಚಹಾ ಕುಡಿದು, ತಂಬಾಕು ಹಾಕಿ, ಮೆಟ್ಟಿಲು ಹತ್ತಿ ಬಂದ ಕೂಡಲೇ ನೋಡಬೇಡಿ. ಅರ್ಧ ಗಂಟೆ ಬಿಡಿ. ಬೆನ್ನಿಗೆ ಆಸರೆ ಇಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂತು, ತೋಳು ಎದೆಯ ಮಟ್ಟದಲ್ಲಿ ಇಟ್ಟು ಅಳೆಯಿರಿ. ಒಂದು ದಿನದ ಅಂಕಿ ನೋಡಿ ಗಾಬರಿಯಾಗುವುದು ಬೇಡ. ನೀವಾಗಿಯೇ ಮಾತ್ರೆ ಹೆಚ್ಚು ಕಡಿಮೆ ಮಾಡುವುದಂತೂ ಬೇಡವೇ ಬೇಡ.

ವಾರಕ್ಕೊಮ್ಮೆ ಒಂದು ಪ್ರಶ್ನೆ: "ಒಟ್ಟಾರೆ ನನ್ನ ಆರೋಗ್ಯ ಹೇಗಿದೆ?" ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಇದು ತೀರಾ ಸರಳ ಅನ್ನಿಸುತ್ತದೆ. ಆದರೆ ಈ ಒಂದು ಪ್ರಶ್ನೆಯ ಮೇಲೆ ಎಷ್ಟೋ ದೇಶಗಳಲ್ಲಿ ಅಧ್ಯಯನ ಆಗಿದೆ. 1997ರಲ್ಲಿ ಎಲೆನ್ ಐಡ್ಲರ್ ಮತ್ತು ಯೇಲ್ ಬೆನ್ಯಾಮಿನಿ ಅಂಥ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಆರೋಗ್ಯ ಚೆನ್ನಾಗಿಲ್ಲ ಅಂತ ತಾವೇ ಹೇಳಿದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಇತ್ತು. ಅವರಿಗೆ ಮೊದಲೇ ಇದ್ದ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೆಚ್ಚಿನ ಅಧ್ಯಯನಗಳಲ್ಲಿ ಈ ಸಂಬಂಧ ಉಳಿದಿತ್ತು. ಇದನ್ನು ಓದಿ ಹೆದರಬೇಡಿ. ನಿಮ್ಮ ಅವ್ವ "ಯಾಕೋ ಮೈಯಾಗ ಸರಿ ಇಲ್ಲಪಾ" ಅಂದರೆ "ರಿಪೋರ್ಟ್ ಎಲ್ಲಾ ನಾರ್ಮಲ್ ಐತಲ್ಲ" ಅಂತ ತಳ್ಳಿಹಾಕಬೇಡಿ ಅಂತ ಹೇಳುವುದಕ್ಕೆ ಇದನ್ನು ಬರೆದೆ.

ಹೆಜ್ಜೆ 5: "ಇದು ಎಷ್ಟು ನನ್ನ ಕೈಯಲ್ಲಿತ್ತು?"

ಕೆಲಸದ ಪ್ರತಿ ಸಾಲಿನ ಪಕ್ಕದಲ್ಲಿ ಇನ್ನೊಂದು ಗುರುತು ಹಾಕಿ. ಆ ಹೊತ್ತಿನಲ್ಲಿ ಏನು ಮಾಡಬೇಕು, ಹೇಗೆ, ಯಾವಾಗ ಎಂಬುದು ನಿಮ್ಮ ಕೈಯಲ್ಲಿ ಇತ್ತಾ? "ಹೌದು", "ಸ್ವಲ್ಪ", "ಇಲ್ಲ". ನನ್ನ ಪ್ರಕಾರ ಇಡೀ ಪುಟದಲ್ಲಿ ಅತಿ ಉಪಯುಕ್ತ ಗುರುತು ಇದೇ.

1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು ಅಮೆರಿಕ ಮತ್ತು ಸ್ವೀಡನ್ನಿನ ದುಡಿಯುವವರ ಮಾಹಿತಿ ಇಟ್ಟುಕೊಂಡು ಒಂದು ಮಾತು ಹೇಳಿದರು. ಬರೀ ಕೆಲಸದ ಭಾರ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಭಾರ ಜಾಸ್ತಿ ಇದ್ದು, ಅದನ್ನು ಹೇಗೆ ಹೊರಬೇಕು ಎಂಬ ನಿರ್ಧಾರ ತನ್ನದಲ್ಲದಿದ್ದಾಗ ಕುಗ್ಗುತ್ತಾನೆ. ಆಮೇಲೆ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕಲ್ ಮಾರ್ಮಟ್ ಮತ್ತು ಜೊತೆಗಾರರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕೆಳದರ್ಜೆಯ ನೌಕರರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದದ್ದು ಅದಕ್ಕೆ ದೊಡ್ಡ ಕಾರಣ ಅಂತ 1997ರಲ್ಲಿ ಅವರು ತೋರಿಸಿದರು. "ದೊಡ್ಡ ಸಾಹೇಬರಿಗೇ ಟೆನ್ಷನ್ ಜಾಸ್ತಿ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವಲ್ಲ, ಅದನ್ನು ಸ್ವಲ್ಪ ನಿಂತು ಯೋಚಿಸಬೇಕು.

ಸುತ್ತ ನೋಡಿ. ದುರ್ಗದ ಬೈಲಿನಲ್ಲಿ ತನ್ನದೇ ಗಾಡಿ ಇಟ್ಟುಕೊಂಡವನು ಸಂಜೆ ಎರಡು ಕೈ ಸಾಲದಷ್ಟು ಗಿರ್ಮಿಟ್ ಕಲಸುತ್ತಾನೆ. ದಣಿವು 5 ಇರಬಹುದು, ಆದರೆ ಎಷ್ಟು ಹೊತ್ತಿಗೆ ಮುಚ್ಚಬೇಕು ಅಂತ ಅವನೇ ಹೇಳುತ್ತಾನೆ. ಪಕ್ಕದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತ ಹುಡುಗಿಗೆ ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಅವಳ ಕೆಲಸ ಕಡಿಮೆಯೇ ಇದ್ದೀತು, ಆದರೆ ಸಂಜೆ ಅವಳ ಕಾಲಷ್ಟೇ ಅಲ್ಲ, ಜೀವವೂ ಬೇಸತ್ತಿರುತ್ತದೆ. ಇಬ್ಬರೂ "ಕೆಲಸ ಜಾಸ್ತಿ" ಅಂತಲೇ ಹೇಳುತ್ತಾರೆ. ಇಬ್ಬರ ತೊಂದರೆ ಬೇರೆ, ಪರಿಹಾರವೂ ಬೇರೆ.

ಎರಡು ವಾರದ ಪುಟಗಳಲ್ಲಿ "ಇಲ್ಲ" ಮತ್ತು "ಚಿಂತೆ 4" ಮತ್ತೆ ಮತ್ತೆ ಒಟ್ಟಿಗೆ ಬಂದರೆ ಆ ಸಾಲುಗಳನ್ನು ಗುರುತಿಸಿ. ಪೂರ್ತಿ ಕೆಲಸ ಬಿಡುವ ಮಾತು ಬೇಡ. ಅಷ್ಟೇ ಭಾಗದಲ್ಲಿ ಸ್ವಲ್ಪ ಹಿಡಿತ ಸಿಗುತ್ತದಾ ನೋಡಿ. ಶಿಫ್ಟ್ ಪಟ್ಟಿ ಮೂರು ದಿನ ಮೊದಲೇ ಸಿಗುವಂತೆ ಕೇಳುವುದು, ಯಾವ ಕೆಲಸ ಮೊದಲು ಅಂತ ನೀವೇ ಜೋಡಿಸಿಕೊಳ್ಳುವುದು, ಗಿರಾಕಿ ಇಲ್ಲದಾಗ ಕೂರಲು ಒಂದು ಸ್ಟೂಲ್ ಕೇಳುವುದು. ಒಬ್ಬರೇ ಕೇಳಿದರೆ ಕಷ್ಟ ಅನ್ನಿಸಿದರೆ ಜೊತೆಯವರೆಲ್ಲ ಸೇರಿ ಕೇಳಿ.

ಹೆಜ್ಜೆ 6: ಮನೆಗೆಲಸವನ್ನೂ ಕೆಲಸ ಅಂತಲೇ ಬರೆಯಿರಿ

"ನಾನು ಮನೆಯಲ್ಲೇ ಇರ್ತೀನ್ರಿ, ನನಗೇನು ಕೆಲಸ" ಅಂತ ಹೇಳುವ ತಾಯಂದಿರು ಮೊದಲ ದಿನದ ಪುಟ ಬರೆದು ನೋಡಲಿ. ರೊಟ್ಟಿ ಬಡಿಯುವುದು, ಪಾತ್ರೆ, ಬಟ್ಟೆ, ಹಾಸಿಗೆ ಹಿಡಿದ ಮಾವನವರಿಗೆ ಔಷಧಿ, ಸ್ಕೂಲ್ ವ್ಯಾನ್ ಬರುವವರೆಗೆ ಬಾಗಿಲಲ್ಲಿ ಕಾಯುವುದು. ಎಲ್ಲಕ್ಕೂ ಗಂಟೆ ಹಾಕಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ ಮಾತ್ರ. ಹೆಚ್ಚಿನ ಗಂಡಸರು ಮಾಡುವವರ ಪಟ್ಟಿಯಲ್ಲೇ ಇರಲಿಲ್ಲ.

ಗಂಡಸರೂ ಈ ಪುಸ್ತಕ ಬರೆಯಬೇಕು. ಹೊರಗಿನ ಅವಮಾನವನ್ನು ಮನೆಯಲ್ಲಿ ಹೇಳಲಾಗದೆ ಸುಮ್ಮನೆ ಕೂರುವ ಗಂಡಸರು ನಮ್ಮಲ್ಲಿ ಬಹಳ. ಆ ಸುಮ್ಮನಿರುವಿಕೆ ಹೆಂಡತಿಗೆ "ನನ್ನ ಮೇಲೆ ಸಿಟ್ಟು" ಅಂತ ಕಾಣುತ್ತದೆ. ಒಬ್ಬರ ಆಫೀಸಿನ ದಿನ ಇನ್ನೊಬ್ಬರ ರಾತ್ರಿಯನ್ನು ಕೆಡಿಸುವುದು ಹೀಗೆ.

ಅದಕ್ಕೇ ಮನೆಗೆ ಬಂದ ಮೊದಲ ಅರ್ಧ ಗಂಟೆಯನ್ನು ಬೇರೆ ಸಾಲಾಗಿಯೇ ಬರೆಯಿರಿ. ಅದರೊಳಗೆ ನಡೆದದ್ದು ಮನೆಯದ್ದಾ, ಹೊರಗಿನಿಂದ ಹೊತ್ತು ತಂದದ್ದಾ? ಮೇಲಿನ ಉದಾಹರಣೆಯಲ್ಲಿ ಸಿಟ್ಟು 5 ಬಂದದ್ದು ಮಗನ ಹೋಂವರ್ಕ್ ಮೇಲೆ. ಆದರೆ ಅದರ ಹಿಂದೆ ನಾಲ್ಕು ತಾಸಿನ ಚಿಂತೆ ಇದೆ, ಬೆಳಿಗ್ಗೆ 5:30ರ ನೀರು ಇದೆ.

ಹೆಜ್ಜೆ 7: ಎರಡು ವಾರ ಆದ ಮೇಲೆ ಓದುವುದು

ಒಂದು ಭಾನುವಾರ ಒಂದು ತಾಸು ಇದಕ್ಕೆ ಇಡಿ. ಅಂಗಡಿಕಾರರು ಕಿರ್ದಿಯಿಂದ ಖಾತೆಗೆ ಇಳಿಸುವ ಹಾಗೆ, ದಿನದ ಸಾಲುಗಳನ್ನು ಬಾಬ್ತುವಾರು ಮಾಡಬೇಕು.

ಮೊದಲು ನಿಮಿಷ ಎಣಿಸಿ. ಖುಷಿಗಿಂತ ಬೇರೆ ಯಾವುದೋ ಕಷ್ಟದ ಭಾವನೆಯ ಅಂಕ ಜಾಸ್ತಿ ಇರುವ ಸಾಲುಗಳಿಗೆ ಕೆಂಪು ಗೆರೆ ಹಾಕಿ. ಉದಾಹರಣೆಯ ದಿನದಲ್ಲಿ ನೀರು 50 ನಿಮಿಷ, ತಯಾರಿ 40, ಬೆಳಗಿನ ಬಸ್ 55, ಮಧ್ಯಾಹ್ನದ ಆಫೀಸ್ 240, ಮನೆಗೆ ಬಂದದ್ದು 30. ಒಟ್ಟು 415. ಬರೆದ ಒಟ್ಟು ಹೊತ್ತು 985 ನಿಮಿಷ. ಅಂದರೆ ಎಚ್ಚರವಿದ್ದ ಹೊತ್ತಿನಲ್ಲಿ ನೂರಕ್ಕೆ 42 ಪಾಲು ಕಷ್ಟದ್ದು. ರಾತ್ರಿ ಕೇಳಿದರೆ ಆಕೆ "ಮಗನ ಕಾಲಾಗ ಸಾಕಾತು" ಅನ್ನಬಹುದು. ಮಗನ ಪಾಲು 30 ನಿಮಿಷ ಮಾತ್ರ. ನೀರು ಮತ್ತು ತಯಾರಿಯ ಅವಸರವೇ 90 ನಿಮಿಷ.

ಆಮೇಲೆ ಜೋಡಿ ಹುಡುಕಿ. ನಿದ್ದೆ 6 ತಾಸಿಗಿಂತ ಕಡಿಮೆ ಆದ ದಿನಗಳನ್ನು ಒಂದು ಕಡೆ ಬರೆಯಿರಿ, ಉಳಿದವನ್ನು ಇನ್ನೊಂದು ಕಡೆ. ಎರಡರಲ್ಲೂ ಸಂಜೆಯ ಸಿಟ್ಟಿನ ಅಂಕ ನೋಡಿ. ಮೀಟಿಂಗ್ ಇದ್ದ ದಿನ, ಇಲ್ಲದ ದಿನ. ನೀರು ಬಂದ ದಿನ, ಬರದ ದಿನ. ನಿಂತು ಬಂದ ಬಸ್, ಕೂತು ಬಂದ ಬಸ್.

ಒಂದೇ ಸಲ ಕಂಡದ್ದನ್ನು ನಂಬಬೇಡಿ. ಕಡಿಮೆ ಎಂದರೂ ಮೂರು ಸಲ ಕಾಣಬೇಕು. ಅದು ಕಾಣದ ದಿನಗಳೂ ಇವೆಯಾ ನೋಡಬೇಕು. ಮೀಟಿಂಗ್ ಇದ್ದೂ ಸಂಜೆ ಚೆನ್ನಾಗಿದ್ದ ದಿನ ಒಂದಾದರೂ ಸಿಕ್ಕರೆ ಅದನ್ನು ಬಿಡಬೇಡಿ. ಅವತ್ತು ಏನು ಬೇರೆ ಇತ್ತು? ಅಕ್ಕನ ಫೋನ್ ಇತ್ತಾ? ಬಸ್ ಇಳಿದು ನಡೆದುಕೊಂಡು ಬಂದಿದ್ದಿರಾ? ಎಷ್ಟೋ ಸಲ ದಾರಿ ಸಿಗುವುದು ಆ ದಿನದಲ್ಲೇ.

ಯಾವುದು ಕಾರಣ, ಯಾವುದು ಪರಿಣಾಮ ಅಂತ ಪೂರ್ತಿ ಗೊತ್ತಾಗದೆಯೂ ಇರಬಹುದು. ನಿದ್ದೆ ಕೆಟ್ಟು ಸಿಟ್ಟು ಬರುತ್ತದೆ, ಸಿಟ್ಟು ಬಂದು ನಿದ್ದೆ ಕೆಡುತ್ತದೆ. ಹಾಗಿದ್ದರೆ ಎರಡರಲ್ಲಿ ನಿಮ್ಮ ಕೈಗೆ ಸಿಗುವ ತುದಿಯನ್ನು ಹಿಡಿದುಕೊಳ್ಳಿ. ಸಾಮಾನ್ಯವಾಗಿ ಅದು ನಿದ್ದೆಯ ತುದಿ.

ಹೆಜ್ಜೆ 8: ಒಂದೇ ಬದಲಾವಣೆ, ಇನ್ನೆರಡು ವಾರ

ಒಂದೇ. ಎರಡು ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಬೇರೆಯವರು ಬದಲಾಗಬೇಕು ಎಂಬುದನ್ನು ಆರಿಸಬೇಡಿ. ನೀವು ಮಾಡಬಹುದಾದದ್ದು ಇರಲಿ.

ಹತ್ತು ನಿಮಿಷ ಮೊದಲು ಹೊರಟು ಸೀಟು ಸಿಗುವ ಚಿಗರಿ ಹಿಡಿಯುವುದು. ಮಧ್ಯಾಹ್ನದ ಊಟ ಎರಡು ಗಂಟೆಯೊಳಗೆ. ಸಂಜೆ ಮನೆಗೆ ಹೋಗುವ ಮುಂಚೆ ಇಪ್ಪತ್ತು ನಿಮಿಷ ನಡಿಗೆ. ಧಾರವಾಡದವರಿಗೆ ಸಾಧನಕೇರಿ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ತೋಳನಕೆರೆ ಇವೆ. ದೂರ ಅನ್ನಿಸಿದರೆ ಎರಡು ಸ್ಟಾಪ್ ಮೊದಲೇ ಇಳಿದರೂ ಆಯಿತು. ನೀರು ಬರುವ ದಿನದ ಪಾಳಿ ಹಂಚಿಕೊಳ್ಳುವುದು.

ಹಂಚಿಕೊಳ್ಳಬೇಕಾದರೆ ಮನೆಯಲ್ಲಿ ಮಾತಾಡಬೇಕು. ಹೊತ್ತು ನೋಡಿ ಮಾತು ಶುರು ಮಾಡಿ. ಜಗಳದ ನಡುವೆ ಪುಸ್ತಕ ತೆರೆದು "ನೋಡ್ರಿ, ನಿಮ್ಮ ತಪ್ಪು ಎಷ್ಟು ಸಲ ಬರೆದೀನಿ" ಅಂದರೆ ಎಲ್ಲ ಕೆಡುತ್ತದೆ. ಊಟ ಆದ ಮೇಲೆ ಹೀಗೆ ಹೇಳಬಹುದು:

"ರೀ, ನೀರು ಬಂದ ದಿನ ನಾ ಸಂಜಿಕೆ ಹುಡುಗ್ಗ ಭಾಳ ಬೈತೀನಿ. ಎರಡು ವಾರ ಬರ್ದು ನೋಡೀನಿ. ಮುಂದಿನ ಸಲ ಪೈಪ್ ನೀವು ಹಿಡೀರಿ, ನಾ ಡಬ್ಬಿ ಅಷ್ಟ ನೋಡ್ಕೋತೀನಿ."

ಇದರಲ್ಲಿ ಯಾರ ಮೇಲೂ ದೂರಿಲ್ಲ. ಏನು ಬೇಕು ಅಂತ ಸ್ಪಷ್ಟವಾಗಿದೆ. ಅತ್ತೆಯವರ ಹತ್ತಿರ ಮಾತಾಡುವುದಿದ್ದರೂ ಹೀಗೇ: ನನಗೆ ಏನಾಗುತ್ತಿದೆ, ಯಾವ ದಿನ, ಏನು ಮಾಡಿದರೆ ಅನುಕೂಲ.

ಎರಡು ವಾರದ ಮೇಲೆ ಮತ್ತೆ ಕೆಂಪು ಗೆರೆಯ ನಿಮಿಷ ಎಣಿಸಿ. ಕಡಿಮೆಯಾಗಿದ್ದರೆ ಆ ಬದಲಾವಣೆ ಇರಲಿ. ಆಗದಿದ್ದರೆ ಬಿಟ್ಟು ಇನ್ನೊಂದು ನೋಡಿ.

ಬರೆಯುವುದೇ ಭಾರವಾದರೆ

ಕೆಲವರಿಗೆ ಬರೆಯುತ್ತಾ ಬರೆಯುತ್ತಾ ಸಂಕಟ ಹೆಚ್ಚುತ್ತದೆ. ಮನಸ್ಸನ್ನು ಕಾಡಿದ ಘಟನೆಗಳ ಬಗ್ಗೆ ವಿದ್ಯಾರ್ಥಿಗಳಿಂದ ಬರೆಸಿದ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಅಧ್ಯಯನದಲ್ಲೂ ಬರೆದ ಕೂಡಲೇ ಮನಸ್ಸು ಕುಗ್ಗಿದ್ದು ಕಂಡಿತ್ತು, ಮುಂದಿನ ತಿಂಗಳುಗಳಲ್ಲಿ ಒಳ್ಳೆಯದಾಗಿತ್ತು. ಅವರು ಬರೆಸಿದ್ದು ದಿನಕ್ಕೆ 15 ನಿಮಿಷ, ನಾಲ್ಕೇ ದಿನ. ನೀವೂ ಮಿತಿ ಇಟ್ಟುಕೊಳ್ಳಿ. ಕಾಲು ಗಂಟೆ ಆಯಿತೆಂದರೆ ಪುಸ್ತಕ ಮುಚ್ಚಿ. ಮೂರು ನಾಲ್ಕು ದಿನವಾದರೂ ಸಂಕಟ ಇಳಿಯದಿದ್ದರೆ ಬರೆಯುವುದನ್ನು ನಿಲ್ಲಿಸಿ, ಯಾರ ಜೊತೆಗಾದರೂ ಮಾತಾಡಿ.

ಹೆಜ್ಜೆ 9: ಡಾಕ್ಟರ್ ಹತ್ತಿರ ಒಯ್ಯುವುದು

ಎದೆ ನೋವು, ಉಸಿರಾಟದ ತೊಂದರೆ, ಬಾಯಿ ಒಂದು ಕಡೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಇವು ಪುಸ್ತಕದಲ್ಲಿ ಬರೆದು ಕಾಯುವ ಸಂಗತಿ ಅಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ.

ಎರಡು ವಾರದಲ್ಲಿ ಹೆಚ್ಚುಕಡಿಮೆ ದಿನಾ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಖುಷಿಯ ಅಂಕ 0, 1ರಿಂದ ಮೇಲೇಳದಿದ್ದರೆ, ಬಸ್ ಬದಲಿಸಿದರೆ ಸಾಲದು. ಡಾಕ್ಟರನ್ನು ಕಾಣಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆ ಇಷ್ಟು ಹತ್ತಿರದಲ್ಲಿ ಇರುವ ಊರುಗಳು ಕರ್ನಾಟಕದಲ್ಲಿ ಕಡಿಮೆ. ಅಲ್ಲಿಗೆ ಹೋದರೆ ಜನ ಏನಂದಾರು ಎಂಬ ಅಂಜಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಿಂದ ಎಷ್ಟೋ ಮನೆಗಳು ವರ್ಷಗಟ್ಟಲೆ ಒದ್ದಾಡಿವೆ, ಅದು ನನಗೆ ಬಹಳ ನೋವಿನ ಸಂಗತಿ. ಹೊರಗೆ ಹೋಗಲು ಆಗದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ದುಡ್ಡು ಇಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಎಂಬ ವಿಚಾರ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಅವತ್ತೇ ಫೋನ್ ಮಾಡಿ, ಒಬ್ಬರೇ ಇರಬೇಡಿ.

ಯಾವ ಡಾಕ್ಟರ್ ಹತ್ತಿರ ಹೋದರೂ ಇಡೀ ಪುಸ್ತಕ ಒಯ್ಯಬೇಡಿ. ಓಪಿಡಿಯಲ್ಲಿ ಅವರಿಗೆ ಸಿಗುವುದು ಕೆಲವೇ ನಿಮಿಷ. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ತೊಂದರೆ ಏನು, ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ದಿನದ ಯಾವ ಹೊತ್ತಿನಲ್ಲಿ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ, ನಿದ್ದೆ ಎಷ್ಟು, ಈಗ ತಗೊಳ್ಳುತ್ತಿರುವ ಮಾತ್ರೆಗಳ ಹೆಸರು. ಮಾಡುವ ಕೆಲಸ ಯಾವುದು ಅಂತ ಕೇಳದಿದ್ದರೂ ಹೇಳಿ. "ಮೆಣಸಿನಕಾಯಿ ಕೆಲಸ ಇಲ್ಲದ ದಿನ ಕೆಮ್ಮು ಇರೂದಿಲ್ರಿ" ಎಂಬ ಒಂದು ಮಾತು ಡಾಕ್ಟರಿಗೆ ಬಹಳ ಸಹಾಯ ಮಾಡುತ್ತದೆ.

ಮತ್ತೆ ಯಾವಾಗ ಬರೆಯಬೇಕು

ವರ್ಷವಿಡೀ ಬರೆಯುವುದು ಬೇಡ. ಬದುಕಿನಲ್ಲಿ ಏನಾದರೂ ಬದಲಾದಾಗ ಎರಡು ವಾರ ಬರೆಯಿರಿ. ಹೊಸ ಕೆಲಸ, ವರ್ಗಾವಣೆ, ಮಗು ಹುಟ್ಟಿದಾಗ, ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಾಗ, ನಿವೃತ್ತಿ. ವ್ಯಾಪಾರದವರು ಸೀಸನ್‌ನಲ್ಲಿ ಒಮ್ಮೆ, ಸೀಸನ್ ಇಲ್ಲದಾಗ ಒಮ್ಮೆ. ಹಳೆಯ ಪುಟಗಳನ್ನು ಎಸೆಯಬೇಡಿ. ಭಾವನೆಗಳ ಹೆಸರು, ಅಂಕದ ಕ್ರಮ ಮೊದಲಿನದ್ದೇ ಇಟ್ಟುಕೊಳ್ಳಿ, ಹೋಲಿಸಲು ಬರುತ್ತದೆ. ಮೊದಲ ಪುಟದ ಒಳಗೆ 108, 112, 181, 14416 ನಾಲ್ಕೂ ನಂಬರ್ ದಪ್ಪ ಅಕ್ಷರದಲ್ಲಿ ಬರೆದಿಡಿ.